ಗೆಳೆಯನಿಗೊಂದು ಪತ್ರ: ಆ ಲಕೋಟೆ ಇವತ್ತೇ ಒಡೆ

ಪ್ರೀತಿಯ ಗೆಳೆಯ,

ನಿನ್ನೆ ಫೋನಿನಲ್ಲಿ ನಿನ್ನ ದನಿ ಕೇಳಿದ ಮೇಲೆ ನಿದ್ದೆ ಬರಲಿಲ್ಲ ಕಣೋ. ಕ್ರೆಡಿಟ್ ಕಾರ್ಡ್ ಬಾಕಿಗೆ ಬ್ಯಾಂಕಿನವರು ದಾವೆ ಹಾಕಿದ್ದಾರೆ, ಸಮನ್ಸ್ ಬಂದು ವಾರವಾಯಿತು, ಇನ್ನೂ ಒಡೆದಿಲ್ಲ ಅಂದೆ. ದಯವಿಟ್ಟು ಇವತ್ತೇ ಒಡೆ.

ನಾನೂ ಹಾಗೇ ಮಾಡಿದ್ದೆ. ದೇವರ ಮನೆಯಲ್ಲಿ ಪಂಚಾಂಗದ ಅಡಿ ಇಟ್ಟುಬಿಟ್ಟೆ. ಕೋರ್ಟಿಗೆ ಹೋಗಲಿಲ್ಲ, ಎಕ್ಸ್‌ಪಾರ್ಟಿ ಡಿಕ್ರಿ ಆಯಿತು, ಅಂದರೆ ನಾನಿಲ್ಲದೆಯೇ ಬ್ಯಾಂಕಿನ ಪರ ತೀರ್ಪಾಯಿತು. ಅದು ಗೊತ್ತಾಗಿದ್ದು ಸಂಬಳ ಜಪ್ತಿಯ ಆದೇಶ ಆಫೀಸಿಗೆ ಬಂದ ದಿನ. ಆಮೇಲೆ ವಕೀಲರ ಜೊತೆ ಕೂತು ಕೇಸಿನ ಕಾಗದ ನೋಡಿದೆ. ನಾನು ಕಾರ್ಡಿನಲ್ಲಿ ಖರ್ಚು ಮಾಡಿದ್ದು 2,10,000. ಅವರು ಕೇಳಿದ್ದು 6,38,000. ಮಿಕ್ಕಿದ್ದೆಲ್ಲ ಬಡ್ಡಿ, ಲೇಟ್ ಫೀ, ಜಿಎಸ್‌ಟಿ. ವಸೂಲಿಗೆ ಬಂದ ಹುಡುಗನ ಕೈಗೆ ಕೊಟ್ಟ 15,000 ಆ ಲೆಕ್ಕದಲ್ಲಿ ಎಲ್ಲೂ ಇರಲಿಲ್ಲ. ರಸೀದಿ ನನ್ನ ಪರ್ಸಿನಲ್ಲೇ ಮಡಚಿಕೊಂಡು ಕೂತಿತ್ತು. ತೋರಿಸಬೇಕಾದ ದಿನ ನಾನು ಅಲ್ಲಿರಲಿಲ್ಲ.

ಮೊದಲು ಸಮನ್ಸಿನಲ್ಲಿ ಆರ್ಡರ್ 37 ಅಂತ ಇದೆಯಾ ನೋಡು, ಅದು ಹಣದ ಕೇಸುಗಳನ್ನು ಬೇಗ ಮುಗಿಸುವ ದಾವೆಯ ನಿಯಮ. ಇದ್ದರೆ ಕೈಗೆ ಬಂದ 10 ದಿನದೊಳಗೆ ನೀನೋ ನಿನ್ನ ವಕೀಲರೋ ಕೋರ್ಟಿನಲ್ಲಿ ಹಾಜರಾತಿ ಹಾಕಬೇಕು, ನಿನಗೆ ಉಳಿದಿರುವುದು ಮೂರೇ ದಿನ. ಮಾಮೂಲಿ ದಾವೆಯಾದರೆ ಉತ್ತರಕ್ಕೆ 30 ದಿನ. ಸರಿಯಾದ ಕಾರಣ ಕೊಟ್ಟರೆ ಕೋರ್ಟ್ 90 ದಿನದವರೆಗೆ ಬಿಡಬಹುದು.

ಉತ್ತರದಲ್ಲಿ ಸುಮ್ನೆ 'ಎಲ್ಲಾ ಸುಳ್ಳು' ಅಂತ ಬರೆಸಬೇಡ. ನೀನು ಕಾರ್ಡ್ ಬಳಸಿದ್ದು ನಿಜ, ಅಲ್ವಾ? ಅದನ್ನು ಒಪ್ಪಿಕೋ. ಆದರೆ ಅವರ ಒಂದೊಂದು ಪ್ಯಾರಾಕ್ಕೂ ಉತ್ತರ ಇರಲಿ. ಯಾವುದನ್ನು ನೇರವಾಗಿ ಅಲ್ಲಗಳೆಯುವುದಿಲ್ಲವೋ ಅದನ್ನು ನೀನು ಒಪ್ಪಿದಂತೆಯೇ ಕೋರ್ಟ್ ತಿಳಿಯಬಹುದು. ತಿಂಗಳುವಾರು ಸ್ಟೇಟ್‌ಮೆಂಟ್ ಕೇಳು. ಅಸಲೆಷ್ಟು, ಬಡ್ಡಿಯೆಷ್ಟು, ಯಾವ ದರ ಅಂತ ಅವರೇ ತೋರಿಸಲಿ. ಬಾಕಿ ಬಿದ್ದು ಮೂರು ವರ್ಷ ದಾಟಿದ ಮೇಲೆ ದಾವೆ ಹಾಕಿದ್ದರೆ ವಾಯಿದೆ ಮೀರಿದೆ ಅಂತ ವಾದ ಮಾಡಬಹುದು. ಆದರೆ ಅಷ್ಟರೊಳಗೆ ಸಾಲ ಒಪ್ಪಿ ಬರೆದುಕೊಟ್ಟಿದ್ದರೆ ಲೆಕ್ಕ ಅಲ್ಲಿಂದ ಹೊಸದಾಗಿ ಶುರುವಾಗುತ್ತದೆ. ಹಾಗಾಗಿ ವಕೀಲರಿಗೆ ತೋರಿಸದೆ ಯಾವ ಕಾಗದಕ್ಕೂ ಸಹಿ ಹಾಕಬೇಡ.

ಜೈಲಿನ ಭಯ ಬೇಡ. ಇದು ಸಿವಿಲ್ ಕೇಸು, ಬಾಕಿ ಇದೆ ಅಂತ ಪೊಲೀಸರು ಹಿಡಿದುಕೊಂಡು ಹೋಗುವುದಿಲ್ಲ. ಲೆಕ್ಕ ಸರಿಯಾದ ಮೇಲೆ ಲೋಕ ಅದಾಲತ್‌ನಲ್ಲಿ ಕಂತಿನ ಮೇಲೆ ರಾಜಿಯಾಗಬಹುದು. ಅಲ್ಲಿ ಆದ ರಾಜಿಗೆ ಅಪೀಲು ಇಲ್ಲ, ಕಟ್ಟಲು ಆಗುವಷ್ಟಕ್ಕೇ ಒಪ್ಪು.

ನಾಳೆ ಬೆಳಿಗ್ಗೆ ಹತ್ತಕ್ಕೆ ಮೈಸೂರು ಬ್ಯಾಂಕ್ ಸರ್ಕಲ್ ಹತ್ತಿರ ಕಾಯುತ್ತಿರುತ್ತೇನೆ. ಲಕೋಟೆ, ಆಧಾರ್, ಇರುವ ರಸೀದಿ ಎಲ್ಲಾ ಒಂದು ಚೀಲದಲ್ಲಿ ಹಾಕಿಕೊಂಡು ಬಾ. ವಕೀಲರಿಗೆ ಹೇಳಿದ್ದೇನೆ, ನಿನ್ನ ಪರ ಕೇಸು ನಡೆಸಲು ಅವರಿಗೆ ಅಧಿಕಾರ ಕೊಡುವ ವಕಾಲತ್ತಿಗೆ ಸಹಿ ಹಾಕಿ ಬರೋಣ.

ನಿನ್ನ ಗೆಳೆಯ