ಸೋತ ಪಂದ್ಯದ ಅಂಕಿಗಳು

ಆತ್ಮೀಯರೇ,

ಕಳೆದ ಸಂಚಿಕೆಯಲ್ಲಿ ನಮ್ಮ ಕೂಟದ ಕ್ರಿಕೆಟ್ ಪಂದ್ಯದ ಸುದ್ದಿ ಹಾಕಿದ್ದೆವು. ಗೆದ್ದ ತಂಡದ ಹೆಸರು, ಒಂದು ಫೋಟೋ, ಅಷ್ಟೇ. ಮೊನ್ನೆ ಊಟದ ಸಾಲಿನಲ್ಲಿ ಹನ್ನೊಂದು ವರ್ಷದ ಹುಡುಗಿಯೊಬ್ಬಳು ತಟ್ಟೆ ಹಿಡಿದುಕೊಂಡೇ ಕೇಳಿದಳು: "ಅಂಕಲ್, ನಾನು ನಾಲ್ಕು ವಿಕೆಟ್ ತೆಗೆದಿದ್ದೆ. ಅದು ಎಲ್ಲೂ ಬಂದೇ ಇಲ್ವಲ್ಲ?" ಅವಳ ತಂಡ ಸೋತಿತ್ತು.

ಮನೆಗೆ ಬಂದರೂ ಆ ಮಾತು ಬಿಡಲಿಲ್ಲ. ಅಮೆರಿಕದ ಈ ನಮ್ಮ ಮಿಲ್ವಾಕೀಯಲ್ಲೇ 1959ರ ಮೇ 26ರ ರಾತ್ರಿ ನಡೆದ ಬೇಸ್‌ಬಾಲ್ ಪಂದ್ಯ ನೆನಪಾಯಿತು. ಅದು ನಡೆದ ಕೌಂಟಿ ಸ್ಟೇಡಿಯಂ ಈಗಿಲ್ಲ. ಆ ಜಾಗದಲ್ಲೇ ಇವತ್ತು ಮಕ್ಕಳು ಆಡುವ ಹೆಲ್ಫೇರ್ ಫೀಲ್ಡ್ ಇದೆ.

ಪಿಟ್ಸ್‌ಬರ್ಗ್ ಪೈರೇಟ್ಸ್‌ನ ಎಡಗೈ ಪಿಚರ್ (ಬ್ಯಾಟರ್‌ಗೆ ಚೆಂಡೆಸೆಯುವವರು) ಹಾರ್ವಿ ಹ್ಯಾಡಿಕ್ಸ್‌ಗೆ ಅವತ್ತು ಮೈ ಸರಿ ಇರಲಿಲ್ಲ. ಎದುರಿಗಿದ್ದದ್ದು ಹಿಂದಿನ ಎರಡೂ ವರ್ಷ ನ್ಯಾಷನಲ್ ಲೀಗ್ (ಅಲ್ಲಿನ ಎರಡು ದೊಡ್ಡ ಲೀಗ್‌ಗಳಲ್ಲೊಂದು) ಗೆದ್ದಿದ್ದ ಮಿಲ್ವಾಕೀ ಬ್ರೇವ್ಸ್. ಹ್ಯಾಂಕ್ ಆರನ್, ಎಡ್ಡಿ ಮ್ಯಾಥ್ಯೂಸ್ ಇದ್ದ ತಂಡ. ಪಂದ್ಯಕ್ಕೆ ನಿಗದಿಯಾದ ಒಂಬತ್ತು ಇನ್ನಿಂಗ್ಸ್‌ನಲ್ಲಿ 27 ಜನ ಬಂದರು, 27 ಜನವೂ ಔಟ್. ಒಬ್ಬರೂ ಮೊದಲ ಬೇಸ್ ತಲುಪಲಿಲ್ಲ. ಪರ್ಫೆಕ್ಟ್ ಗೇಮ್ ಅನ್ನೋದು ಇದಕ್ಕೇ. ಆದರೆ ಅವರ ತಂಡದ್ದೂ ಒಂದು ರನ್ ಬಂದಿರಲಿಲ್ಲ! ಆಟ ಮುಂದುವರಿಯಿತು. ಹತ್ತು, ಹನ್ನೊಂದು, ಹನ್ನೆರಡು. 36 ಬ್ಯಾಟರ್‌ಗಳು, 36 ಔಟ್.

ಹದಿಮೂರನೆಯದರಲ್ಲಿ ಪಿಟ್ಸ್‌ಬರ್ಗ್ ಕಡೆ ಮೂರನೇ ಬೇಸ್ ಕಾಯುತ್ತಿದ್ದ ಡಾನ್ ಹೋಕ್ ಎಸೆತ ತಪ್ಪಿ, ಬ್ರೇವ್ಸ್‌ನ ಫೀಲಿಕ್ಸ್ ಮಾಂಟಿಯಾ ಬೇಸ್ ಮುಟ್ಟಿದರು. ಮ್ಯಾಥ್ಯೂಸ್ ಬಂಟ್ ಮಾಡಿ (ಚೆಂಡನ್ನು ಮೆಲ್ಲಗೆ ತಟ್ಟಿ) ಅವರನ್ನು ಎರಡನೇ ಬೇಸ್‌ಗೆ ದಾಟಿಸಿದರು. ಆರನ್‌ಗೆ ಹೊಡೆಯಲು ಬಿಡದೆ ಬೇಕೆಂದೇ ವಾಕ್ ಕೊಟ್ಟು ಮೊದಲ ಬೇಸ್‌ಗೆ ಕಳಿಸಿದರು. ಆಮೇಲೆ ಜೋ ಆಡ್‌ಕಾಕ್ ಹೊಡೆದ ಚೆಂಡು ಬೇಲಿ ದಾಟಿತು. ಗೆಲುವಿನ ರನ್ ಬಂತು, ಪಂದ್ಯ ಮುಗೀತು ಅಂದುಕೊಂಡು ಆರನ್ ದಾರಿ ಬಿಟ್ಟು ಹೊರಟರು. ಆಡ್‌ಕಾಕ್ ಅವರನ್ನು ದಾಟಿ ಓಡಿ ಔಟಾದರು. ಹೋಮ್ ರನ್ ಹೋಗಿ ಅದು ಬರೀ ಡಬಲ್ (ಎರಡು ಬೇಸ್‌ನ ಹೊಡೆತ) ಆಯಿತು. ಕೊನೆಗೆ ಲೀಗ್ ಖಾಯಂ ಮಾಡಿದ ಸ್ಕೋರ್ 1-0.

ಆ ರಾತ್ರಿಯ ಸ್ಕೋರ್ ಪಟ್ಟಿಯ ಕೊನೆಯ ಮೂರು ಅಂಕಿ ನೋಡಿ. ರನ್, ಹಿಟ್ (ಬ್ಯಾಟರ್‌ನನ್ನು ಬೇಸ್ ಮುಟ್ಟಿಸಿದ ಹೊಡೆತ), ಫೀಲ್ಡಿಂಗ್ ತಪ್ಪು, ಈ ಕ್ರಮದಲ್ಲಿ. ಪಿಟ್ಸ್‌ಬರ್ಗ್: 0, 12, 1. ಮಿಲ್ವಾಕೀ: 1, 1, 0. ಹನ್ನೆರಡು ಹಿಟ್ ಹೊಡೆದವರು ಸೋತರು, ಒಂದೇ ಹಿಟ್ ಹೊಡೆದವರು ಗೆದ್ದರು. ಹನ್ನೆರಡು ಹಿಟ್ ಕೊಟ್ಟೂ ಹದಿಮೂರು ಇನ್ನಿಂಗ್ಸ್ ಒಂದು ರನ್ ಬಿಡದ ಬ್ರೇವ್ಸ್ ಪಿಚರ್ ಲ್ಯೂ ಬರ್ಡೆಟ್ ಆಟವೂ ಸಾಮಾನ್ಯದ್ದಲ್ಲ. ಆ ಒಂದು ರನ್ ತಂಡದ ತಪ್ಪಿನಿಂದ ಬಂದದ್ದು ಅಂತ ಹ್ಯಾಡಿಕ್ಸ್ ಬಿಟ್ಟುಕೊಟ್ಟ ರನ್‌ಗಳ ಸರಾಸರಿಗೆ ಸೇರಿಸಲೂ ಇಲ್ಲ. ಈ ಲೆಕ್ಕದ ನ್ಯಾಯ ನನಗೆ ತುಂಬಾ ಇಷ್ಟ.

1991ರಲ್ಲಿ ನಿಯಮ ಬಿಗಿ ಮಾಡಿ, ನೋ ಹಿಟ್ಟರ್‌ಗಳ (ಒಂದೂ ಹಿಟ್ ಕೊಡದ ಪಂದ್ಯಗಳ) ಪಟ್ಟಿಯಿಂದ ಹ್ಯಾಡಿಕ್ಸ್ ಹೆಸರು ತೆಗೆದರು. ಕೊನೆಗೂ ಒಂದು ಹಿಟ್ ಬಿತ್ತಲ್ಲ, ಅದಕ್ಕೆ. ನನಗಂತೂ ಇದು ಸರಿ ಅನಿಸೋದಿಲ್ಲ. ನಮ್ಮ ಭದ್ರಾವತಿಯ ವಿಶ್ವನಾಥ್ 1975ರಲ್ಲಿ ಮದ್ರಾಸಿನಲ್ಲಿ ವೆಸ್ಟ್ ಇಂಡೀಸ್‌ನ ವೇಗಿ ಆ್ಯಂಡಿ ರಾಬರ್ಟ್ಸ್ ಎದುರು ಔಟಾಗದೆ 97 ಹೊಡೆದದ್ದು ಯಾವ ಶತಕದ ಪಟ್ಟಿಯಲ್ಲೂ ಇಲ್ಲ ಅಲ್ವಾ? ಆದರೆ ಸ್ಕೋರ್ ಕಾರ್ಡ್ ತೆಗೆದು ನೋಡಿ. ತಂಡದ ಒಟ್ಟು 190, ಅದರಲ್ಲಿ ಇವರದೇ 97. ಬೇರೆ ಏನೂ ಹೇಳಬೇಕಾಗಿಲ್ಲ.

ಹಾಗಾಗಿ ಈ ಸಂಚಿಕೆಯ ಕೊನೆಯ ಪುಟದಲ್ಲಿ ನಮ್ಮ ಕೂಟದ ಆ ಕ್ರಿಕೆಟ್ ಪಂದ್ಯದ ಪೂರ್ತಿ ಸ್ಕೋರ್ ಕಾರ್ಡ್ ಹಾಕಿದ್ದೇವೆ. ಎರಡೂ ತಂಡದ್ದು. ಸೋತ ತಂಡದ ಬೌಲಿಂಗ್ ಸಾಲಿನಲ್ಲಿ ಮೂರನೇ ಹೆಸರು ಆ ಹುಡುಗಿಯದು: ನಾಲ್ಕು ಓವರ್, 17 ರನ್, ನಾಲ್ಕು ವಿಕೆಟ್.