‘ಕ್ವಾಡ್ರೊ’ ಎಂಬ ಹೆಸರಿಗೆ ಹಣ ಕೊಡುವ ಮೊದಲು

ಮಾನ್ಯ ಸಂಪಾದಕರೇ,

ಪಾಲಿಟೆಕ್ನಿಕ್, ಎಂಜಿನಿಯರಿಂಗ್ ಪ್ರವೇಶ ಮುಗಿಯುವ ಹೊತ್ತಿಗೆ ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ಎಷ್ಟೋ ಮನೆಗಳಲ್ಲಿ ಲ್ಯಾಪ್‌ಟಾಪಿನದೇ ಮಾತು. ಹೊಸದರ ಬೆಲೆ ಕೈಗೆಟುಕದಿದ್ದರೆ ಮಂಗಳೂರಿಗೋ ಕಾಸರಗೋಡು ಪೇಟೆಗೋ ಹೋಗಿ, ಕಂಪನಿಗಳು ಮೂರು ನಾಲ್ಕು ವರ್ಷ ಬಳಸಿ ಬಿಟ್ಟ ಬಿಸಿನೆಸ್ ಲ್ಯಾಪ್‌ಟಾಪ್ ತರುತ್ತಾರೆ. ‘ಇದರಲ್ಲಿ ಕ್ವಾಡ್ರೊ ಇದೆ, ಗೇಮಿಂಗ್ ಲ್ಯಾಪ್‌ಟಾಪಿಗಿಂತ ಮೇಲು’ ಎಂಬ ಮಾತು ಅಂಗಡಿಯಲ್ಲಿ ಕೇಳಿಬರುತ್ತದೆ. ಆ ಮಾತು ಕೆಲವರ ಮಟ್ಟಿಗೆ ನಿಜ, ಬಹಳ ಜನರ ಮಟ್ಟಿಗೆ ಅಲ್ಲ.

ಕ್ವಾಡ್ರೊ ಎಂದರೆ ಎನ್‌ವಿಡಿಯಾ ಕಂಪನಿ ವೃತ್ತಿಪರ ಕೆಲಸಕ್ಕೆಂದು ಮಾರುತ್ತಿದ್ದ ಗ್ರಾಫಿಕ್ಸ್ ಚಿಪ್ (ಜಿಪಿಯು), ಗೇಮಿಂಗ್‌ಗೆಂದು ಮಾರುವುದು ಜಿಫೋರ್ಸ್. ಇವೆರಡೂ ಬೇರೆ ಬೇರೆ ಚಿಪ್‌ಗಳಲ್ಲ. ಒಂದೇ ಸಿಲಿಕಾನಿಗೆ ಎರಡು ಹೆಸರು. ಕ್ವಾಡ್ರೊ ಎಂ1200ರಲ್ಲಿರುವುದು ಜಿಫೋರ್ಸ್ ಸಾಲಿನ ಜಿಟಿಎಕ್ಸ್ 960ಎಂನಲ್ಲಿರುವ 640 ಕೋರ್‌ಗಳೇ (ಕೋರ್ ಎಂದರೆ ಚಿಪ್‌ನೊಳಗೆ ಲೆಕ್ಕ ಮಾಡುವ ಪುಟ್ಟ ಘಟಕ). ಕ್ವಾಡ್ರೊ ಪಿ2000 ಎಂದರೆ ಹೆಚ್ಚುಕಡಿಮೆ ಜಿಟಿಎಕ್ಸ್ 1050 ಟಿಐ, ಎರಡರಲ್ಲೂ 768 ಕೋರ್. ಟಿ2000 ಚಿಪ್‌ಗೆ ಲ್ಯಾಪ್‌ಟಾಪಿನ ಜಿಟಿಎಕ್ಸ್ 1650 ಜೋಡಿ, 1024 ಕೋರ್. ಕ್ವಾಡ್ರೊ ಎಂಬ ಹೆಸರು ಕೈಬಿಟ್ಟ ಮೇಲೆ ಬಂದ ಆರ್‌ಟಿಎಕ್ಸ್ ಎ1000ರಲ್ಲಿ 2048, ಎ2000ರಲ್ಲಿ 2560. ಇವು ಕ್ರಮವಾಗಿ ಆರ್‌ಟಿಎಕ್ಸ್ 3050 ಮತ್ತು 3050 ಟಿಐಗೆ ಸಮ. ಕೋರ್‌ಗಳ ಸಂಖ್ಯೆ ದೊಡ್ಡದಿದೆ ಎಂದು ಮೋಸಹೋಗಬಾರದು. ಟಿ500 ಚಿಪ್‌ನಲ್ಲಿ 896 ಕೋರ್ ಇದ್ದರೂ ಮೆಮೊರಿಯಿಂದ ಮಾಹಿತಿ ಬರುವ ದಾರಿ 64 ಬಿಟ್‌ನಷ್ಟು ಕಿರಿದು. ಅದು ಹಗುರ ಕೆಲಸದ ಎಂಎಕ್ಸ್450ರ ಸಾಲಿನದು, 1650ರ ಸಾಲಿನದಲ್ಲ.

ಹಾಗಾದರೆ ಹೆಚ್ಚಿನ ಬೆಲೆ ಯಾವುದಕ್ಕೆ? ಡ್ರೈವರಿಗೆ (ಚಿಪ್ ನಡೆಸುವ ತಂತ್ರಾಂಶಕ್ಕೆ) ಮತ್ತು ‘ಈ ಚಿಪ್ ನಮ್ಮ ತಂತ್ರಾಂಶಕ್ಕೆ ಸರಿ’ ಎಂಬ ಸರ್ಟಿಫಿಕೇಟಿಗೆ. ಸಾಲಿಡ್‌ವರ್ಕ್ಸ್, ಸೀಮೆನ್ಸ್ ಎನ್‌ಎಕ್ಸ್, ಕ್ರಿಯೊದಂಥ ಯಂತ್ರವಿನ್ಯಾಸದ ತಂತ್ರಾಂಶಗಳು ಓಪನ್‌ಜಿಎಲ್ (ಚಿಪ್‌ನಿಂದ ಚಿತ್ರ ಬಿಡಿಸಿಕೊಳ್ಳುವ ಒಂದು ವಿಧಾನ) ಮೂಲಕ ಗೆರೆಗಳನ್ನು ಎಳೆಯುವ ಕೆಲವು ಕ್ರಮಗಳನ್ನು ಎನ್‌ವಿಡಿಯಾ ಕ್ವಾಡ್ರೊ ಡ್ರೈವರಿನಲ್ಲಿ ಪೂರ್ತಿ ವೇಗದಲ್ಲಿ ಬಿಡುತ್ತದೆ, ಜಿಫೋರ್ಸ್ ಡ್ರೈವರಿನಲ್ಲಿ ಬಿಡುವುದಿಲ್ಲ. ಎನ್‌ಎಕ್ಸ್‌ನಲ್ಲಿ ಹಲವು ಭಾಗ ಜೋಡಿಸಿದ ದೊಡ್ಡ ಮಾದರಿ (ಅಸೆಂಬ್ಲಿ) ತಿರುಗಿಸಿ ನೋಡಿದರೆ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. 2017ರಲ್ಲಿ ಟೈಟಾನ್ ಎಕ್ಸ್‌ಪಿ ಎಂಬ ಗ್ರಾಫಿಕ್ಸ್ ಕಾರ್ಡಿಗೆ ಇದೇ ಕಂಪನಿ ಒಂದು ಹೊಸ ಡ್ರೈವರ್ ಕೊಟ್ಟು, ಕೆಲವು ತಂತ್ರಾಂಶಗಳಲ್ಲಿ ಮೂರು ಪಟ್ಟಿನವರೆಗೆ ವೇಗ ಹೆಚ್ಚುತ್ತದೆ ಎಂದು ತಾನೇ ಹೇಳಿತ್ತು. ಚಿಪ್ ಹಳೆಯದೇ, ಬೀಗ ಮಾತ್ರ ತೆಗೆದದ್ದು. ಮಾದರಿಯನ್ನು ನಿಜವಸ್ತುವಿನಂತೆ ತೋರಿಸುವ, ಸಾಲಿಡ್‌ವರ್ಕ್ಸ್‌ನ ‘ರಿಯಲ್‌ವ್ಯೂ’ ಗುಂಡಿಯೂ ಹೀಗೆಯೇ. ಅಂಗೀಕೃತ ಚಿಪ್ ಇದ್ದರೆ ಚಿನ್ನದ ಬಣ್ಣದ ಗೋಲ ಒತ್ತಲು ಬರುತ್ತದೆ, ಇಲ್ಲದಿದ್ದರೆ ಮಸುಕಾಗಿ ಸುಮ್ಮನೆ ಕೂತಿರುತ್ತದೆ. ಆದರೂ ಮಾದರಿ ಬಿಡಿಸುವುದಕ್ಕೆ ಅಡ್ಡಿಯಿಲ್ಲ. ಮೆಕ್ಯಾನಿಕಲ್ ಓದುವವರ ಅಭ್ಯಾಸಕ್ಕೆ ಜಿಫೋರ್ಸ್ ಸಾಕಾಗುತ್ತದೆ.

ನಮ್ಮ ಕಡೆ ಹೆಚ್ಚು ನಡೆಯುವ ಕೆಲಸ ಬೇರೆ. ಪಂಚಾಯತಿಗೆ ಸಲ್ಲಿಸುವ ಮನೆಯ ಪ್ಲಾನ್ ಆಟೊಕ್ಯಾಡ್‌ನಲ್ಲಿ ಆಗುತ್ತದೆ. ಅದಕ್ಕೆ ಮುಖ್ಯವಾಗಿ ಬೇಕಾದ್ದು ಪ್ರೊಸೆಸರಿನ ಒಂದೊಂದು ಕೋರಿನ ವೇಗ, ಎಸ್‌ಎಸ್‌ಡಿ, 16 ಜಿಬಿ ರ್‍ಯಾಮ್. ಆಟೊಕ್ಯಾಡ್, ರೆವಿಟ್ ಎರಡೂ ಓಪನ್‌ಜಿಎಲ್ ಬದಲು ಡೈರೆಕ್ಟ್‌ಎಕ್ಸ್ ಎಂಬ ಬೇರೆ ವಿಧಾನ ಬಳಸುವುದರಿಂದ ಕ್ವಾಡ್ರೊ ಅಲ್ಲಿ ವಿಶೇಷವೇನೂ ಮಾಡದು. ಲ್ಯೂಮಿಯನ್‌ನಲ್ಲಿ ಮನೆಯ 3ಡಿ ನೋಟ ಮಾಡುವವರಿಗೆ, ಬ್ಲೆಂಡರ್ ಬಳಸುವವರಿಗೆ, ಮದುವೆಯ ಅಥವಾ ಯಕ್ಷಗಾನದ ವಿಡಿಯೊ ಎಡಿಟ್ ಮಾಡುವವರಿಗೆ ಬೇಕಾದ್ದು ಚಿಪ್‌ನ ಕೋರ್, ಮೆಮೊರಿ ಮತ್ತು ಅದಕ್ಕೆ ಸಿಗುವ ವಿದ್ಯುತ್ತು, ಅಂದರೆ ವ್ಯಾಟ್. ವಿಡಿಯೊ ಎಡಿಟ್ ಮಾಡುವ ಡಾವಿಂಚಿ ರಿಸಾಲ್ವ್‌ನಲ್ಲಿ 4ಕೆ ವಿಡಿಯೊಗೆ ನಾಲ್ಕೈದು ಎಫೆಕ್ಟ್ ಹಾಕಿದರೆ 4 ಜಿಬಿ ಚಿಪ್ ‘ಜಿಪಿಯು ಮೆಮೊರಿ ತುಂಬಿದೆ’ ಎಂದು ಕೈಚೆಲ್ಲುತ್ತದೆ. ಅದು ಕ್ವಾಡ್ರೊ ಆದರೂ ಅಷ್ಟೆ, ಜಿಫೋರ್ಸ್ ಆದರೂ ಅಷ್ಟೆ. ಇಂಥವರು ಅದೇ ದುಡ್ಡಿಗೆ 6 ಜಿಬಿಯ ಜಿಫೋರ್ಸ್ ಸಿಕ್ಕಿದರೆ ಹಿಂದೆಮುಂದೆ ನೋಡಬೇಕಾಗಿಲ್ಲ.

ವ್ಯಾಟಿನ ವಿಷಯವನ್ನು ಅಂಗಡಿಗಳಲ್ಲಿ ಹೇಳುವುದೇ ಇಲ್ಲ. ಎ2000 ಚಿಪ್ ಅನ್ನು 35ರಿಂದ 95 ವ್ಯಾಟಿನವರೆಗೆ ಯಾವ ಮಿತಿಯಲ್ಲಾದರೂ ಕೂರಿಸಬಹುದು, ಅದು ಲ್ಯಾಪ್‌ಟಾಪ್ ತಯಾರಿಸಿದವರ ಆಯ್ಕೆ. ತೆಳ್ಳಗಿನ ಬಿಸಿನೆಸ್ ಲ್ಯಾಪ್‌ಟಾಪಿನಲ್ಲಿ 35 ವ್ಯಾಟಿಗೆ ಕಟ್ಟಿಹಾಕಿದ ಎ2000, ದಪ್ಪಗಿನ ಲ್ಯಾಪ್‌ಟಾಪಿನಲ್ಲಿ 80 ವ್ಯಾಟ್ ತಿನ್ನುವ 3050 ಟಿಐಯ ಹಿಂದೆ ಬೀಳುತ್ತದೆ. ಎಂಎಕ್ಸ್150ರಲ್ಲೂ 10 ವ್ಯಾಟ್, 25 ವ್ಯಾಟ್ ಎಂದು ಎರಡು ಬಗೆ ಬಂದಿದ್ದವು, ಹೆಸರು ಒಂದೇ.

ಪ್ರತ್ಯೇಕ ಚಿಪ್ ಇಲ್ಲದ, ಇಂಟೆಲ್ 11ನೇ ತಲೆಮಾರಿನ ಬಿಸಿನೆಸ್ ಲ್ಯಾಪ್‌ಟಾಪ್ ಕೊಳ್ಳುವವರು ಒಂದು ಅಂಶ ಗಮನಿಸಬೇಕು. ಅದರ ಪ್ರೊಸೆಸರಿನೊಳಗೆ ಐರಿಸ್ ಎಕ್ಸ್‌ಇ ಗ್ರಾಫಿಕ್ಸ್ ಇದ್ದರೆ, ಅದು ಪೂರ್ತಿ ಕೆಲಸ ಮಾಡಲು ರ್‍ಯಾಮ್ ಎರಡು ಚಾನೆಲ್‌ನಲ್ಲಿರಬೇಕು. ಒಂದೇ 16 ಜಿಬಿ ಕಡ್ಡಿ ಇದ್ದರೆ ವಿಂಡೋಸ್ ಅದನ್ನು ಬರೀ ‘ಯುಎಚ್‌ಡಿ’ ಎಂದು ತೋರಿಸುತ್ತದೆ, ವೇಗವೂ ಇಳಿಯುತ್ತದೆ. 8 ಜಿಬಿಯ ಎರಡು ಕಡ್ಡಿ ಹಾಕಿಸಿದರೆ ಸಾಕು.

ಹಣ ಕೊಡುವ ಮೊದಲು ಅಂಗಡಿಯಲ್ಲೇ ಅರ್ಧ ಗಂಟೆ ಕೂತು ಪರೀಕ್ಷಿಸಿ. ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನ ‘ಸಿಸ್ಟಮ್ ಇನ್ಫರ್ಮೇಶನ್’ ತೆರೆದರೆ ಕೋರ್‌ಗಳ ಸಂಖ್ಯೆ, ಮೆಮೊರಿ, ಎಷ್ಟು ಬಿಟ್ ಎಂಬುದೆಲ್ಲ ಕಾಣುತ್ತದೆ. ಹೊಸ ಚಿಪ್‌ಗಳಾದರೆ ಗರಿಷ್ಠ ವ್ಯಾಟ್ ಕೂಡ. ಆಮೇಲೆ ಚಾರ್ಜರ್ ಚುಚ್ಚಿ, ಚಿಪ್‌ಗೆ ಭಾರ ಕೊಡುವ ಯಾವುದಾದರೂ ಪರೀಕ್ಷೆಯನ್ನು 15 ನಿಮಿಷ ಓಡಿಸಿ, ಜಿಪಿಯು-ಝಡ್ ಎಂಬ ಉಚಿತ ತಂತ್ರಾಂಶದಲ್ಲಿ ‘ಪರ್ಫ್‌ಕ್ಯಾಪ್ ರೀಸನ್’ (ವೇಗಕ್ಕೆ ತಡೆಯಾದ ಕಾರಣ) ಎಂಬ ಸಾಲು ನೋಡಿ. ‘ಪವರ್’ ಎಂದಿದ್ದರೆ ವ್ಯಾಟಿನ ಮಿತಿ ತಲುಪಿದೆ, ಅದು ಸಹಜ. ‘ಥರ್ಮಲ್’ ಎಂದಿದ್ದರೆ ಬಿಸಿಯಿಂದ ಸೋಲುತ್ತಿದೆ. ಚಿಪ್‌ನ ಬಿಸಿ ಹೀರುವ ಲೋಹದ ಹೀಟ್‌ಸಿಂಕಿನ ಕೆಳಗಿನ ಪೇಸ್ಟ್ ಒಣಗಿದೆ ಅಥವಾ ಫ್ಯಾನಿನ ಬಾಯಲ್ಲಿ ಧೂಳು ಕಂಬಳಿಯಂತೆ ಕೂತಿದೆ ಎಂದರ್ಥ. ನಮ್ಮ ಕರಾವಳಿಯ ಮಳೆಗಾಲದ ತೇವದಲ್ಲಿ ಆ ಧೂಳು ಅಂಟಿನಂತಾಗುತ್ತದೆ, ಊದಿದರೆ ಹೋಗುವುದಿಲ್ಲ, ಬಿಚ್ಚಿಯೇ ತೆಗೆಯಬೇಕು. 130 ವ್ಯಾಟ್ ಬೇಕಾದ ಯಂತ್ರಕ್ಕೆ 65 ವ್ಯಾಟಿನ ಚಾರ್ಜರ್ ಕೊಟ್ಟು ಕಳುಹಿಸುವುದೂ ಇದೆ. ಆಗ ಚಿಪ್ ಎಷ್ಟು ಒಳ್ಳೆಯದಿದ್ದರೂ ಕುಂಟುತ್ತದೆ. ಚಾರ್ಜರಿನ ಮೇಲಿನ ಅಂಕಿಯನ್ನು ತಪ್ಪದೆ ಓದಿ.

ಮನೆಗೆ ತಂದ ಮೇಲೆ ‘ನಿಧಾನ’ ಎನಿಸಿದರೆ, ತಂತ್ರಾಂಶ ಎನ್‌ವಿಡಿಯಾ ಚಿಪ್ ಬಿಟ್ಟು ಪ್ರೊಸೆಸರಿನೊಳಗಿನ ಇಂಟೆಲ್ ಗ್ರಾಫಿಕ್ಸ್‌ನಲ್ಲೇ ಓಡುತ್ತಿರಬಹುದು. ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಡಿಸ್‌ಪ್ಲೇ, ಗ್ರಾಫಿಕ್ಸ್ ಎಂದು ಹೋಗಿ ಆ ತಂತ್ರಾಂಶಕ್ಕೆ ‘ಹೈ ಪರ್ಫಾರ್ಮೆನ್ಸ್’ ಆರಿಸಿದರೆ ಸರಿಹೋಗುತ್ತದೆ.

ಕೊನೆಗೆ, ಹಳೆಯ ತಲೆಮಾರಿನ ಮಾತು. ಎಂ ಮತ್ತು ಪಿ ಅಕ್ಷರದ ಕ್ವಾಡ್ರೊಗಳಿಗೆ 580 ಸರಣಿಯ ಡ್ರೈವರೇ ಕೊನೆಯದು. 2025ರಲ್ಲಿ ಬಂದ ಕುಡಾ 13 (ಚಿಪ್‌ನಿಂದ ಲೆಕ್ಕದ ಕೆಲಸ ಮಾಡಿಸಲು ಎನ್‌ವಿಡಿಯಾ ಕೊಡುವ ತಂತ್ರಾಂಶ) ಇವುಗಳಲ್ಲಿ ನಡೆಯುವುದಿಲ್ಲ. ಎಂ1200 ಬರುತ್ತಿದ್ದ 7ನೇ ತಲೆಮಾರಿನ ಇಂಟೆಲ್ ಪ್ರೊಸೆಸರುಗಳನ್ನು, ಬೆರಳೆಣಿಕೆಯವು ಬಿಟ್ಟರೆ, ವಿಂಡೋಸ್ 11 ಒಪ್ಪುವುದಿಲ್ಲ. ವಿಂಡೋಸ್ 10ರ ಬೆಂಬಲವಂತೂ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ನಾಲ್ಕು ವರ್ಷ ಓದಬೇಕಾದ ಮಗುವಿಗೆ ಕೊಡಿಸುವವರು ಟಿ ಸರಣಿಯಿಂದ ಕೆಳಗಿಳಿಯಬಾರದು.

ಮಾರಾಟಗಾರರಲ್ಲಿ ನಮ್ಮ ವಿನಂತಿ ಇಷ್ಟೆ: ಬಿಲ್ಲಿನಲ್ಲಿ ‘ಗ್ರಾಫಿಕ್ಸ್ ಇದೆ’ ಎಂದು ಬರೆಯುವ ಬದಲು ಚಿಪ್‌ನ ಪೂರ್ಣ ಹೆಸರು, ಮೆಮೊರಿ ಎಷ್ಟು ಜಿಬಿ, ಚಾರ್ಜರ್ ಎಷ್ಟು ವ್ಯಾಟ್ ಎಂದು ಬರೆಯಿರಿ. ಈ ಚಿಪ್‌ಗಳು ಹೆಚ್ಚಾಗಿ ಮದರ್‌ಬೋರ್ಡಿಗೇ ಬೆಸೆದಿರುತ್ತವೆ, ಆಮೇಲೆ ಬದಲಿಸಲು ಬರುವುದಿಲ್ಲ.

ಇತಿ,
ಕಂಪ್ಯೂಟರ್ ದುರಸ್ತಿಗಾರರು, ಬದಿಯಡ್ಕ