ತಾಲ್ಲೂಕು ಬೋರ್ಡಿನಿಂದ ಬಂದವರ ಮೇಲಿನ ಆಸೆ: ಗೆಳೆಯನಿಗೊಂದು ಪತ್ರ

ಗುಂಡ್ಲುಪೇಟೆ ತಾಲ್ಲೂಕು
ಮೇ 19, 2023

ಪ್ರೀತಿಯ ಮಂಜ,

ನಿನ್ನೆ ಸಿದ್ದರಾಮಯ್ಯನವರನ್ನು ಮುಖ್ಯಮಂತ್ರಿ ಸ್ಥಾನಕ್ಕೆ ಆರಿಸಿದ ಮೇಲೆ ರಾತ್ರಿ ನೀನು ಕಳಿಸಿದ ಮೆಸೇಜ್ ಓದಿದೆ. ‘ಯಾರು ನಾಯಕರಾದರೆ ನಮಗೇನಾಗಬೇಕು, ಸುಮ್ನೆ ಮಲಗು’ ಅಂತ ಬರೆದಿದ್ದೀಯ. ಮಲಗಿದೆ, ನಿದ್ದೆ ಬರಲಿಲ್ಲ ಕಣೋ. ಬೆಳಿಗ್ಗೆ ಎದ್ದವನೇ ಬರೆಯಲು ಕೂತಿದ್ದೇನೆ.

ನಿನಗೆ ಯಾಕೆ ಬೇಸರ ಅಂತ ಗೊತ್ತು. 2019ರ ಜುಲೈನಲ್ಲಿ ನೀನು ಇದೇ ಮುಂಬೈನಲ್ಲಿದ್ದೆ. ಸರ್ಕಾರದ ವಿರುದ್ಧ ಬಂಡೆದ್ದು ರಾಜೀನಾಮೆ ಕೊಟ್ಟ ನಮ್ಮ ಶಾಸಕರು ಅಲ್ಲಿನ ಹೋಟೆಲ್ ಸೇರಿಕೊಂಡಿದ್ದರು. ಅವರನ್ನು ಮನವೊಲಿಸಲು ಹೋದ ಡಿ.ಕೆ. ಶಿವಕುಮಾರ್ ಹೊರಗೆ ಮಳೆಯಲ್ಲಿ ನಿಂತಿದ್ದರು, ಒಳಗೆ ಬಿಡಲಿಲ್ಲ. ‘ಆಫೀಸಲ್ಲಿ ಎಲ್ಲರೂ ಕರ್ನಾಟಕ ಅಂತ ಕರೆದು ನಗ್ತಾರೆ, ಮುಖ ಎತ್ತೋಕಾಗಲ್ಲ’ ಅಂತ ನೀನು ಫೋನಿನಲ್ಲಿ ಹೇಳಿದ್ದು ನನಗಿನ್ನೂ ಮರೆತಿಲ್ಲ. ಆಮೇಲೆ ಹಾಗೆ ಬಂಡೆದ್ದ 17 ಶಾಸಕರು ಅನರ್ಹರಾದರು. ಅನರ್ಹತೆ ಸರಿ, ಆದರೆ ಮತ್ತೆ ಚುನಾವಣೆಗೆ ನಿಲ್ಲಬಹುದು ಅಂತ ಸುಪ್ರೀಂ ಕೋರ್ಟ್ ಹೇಳಿತು. ಡಿಸೆಂಬರ್‌ನಲ್ಲಿ 15 ಕಡೆ ಉಪಚುನಾವಣೆ ನಡೆಯಿತು. ಬಿಟ್ಟು ಹೋದವರಲ್ಲಿ ಹೆಚ್ಚಿನವರು ಬೇರೆ ಪಕ್ಷದ ಚಿಹ್ನೆಯಲ್ಲಿ ಗೆದ್ದು ಬಂದರು. ಆವತ್ತಿನಿಂದ ನೀನು ಓಟು ಹಾಕಲು ಊರಿಗೆ ಬಂದಿಲ್ಲ. ಈ ಸಲವೂ ಬರಲಿಲ್ಲ.

ನೀನು ಬರದಿದ್ದರೂ ಜನ ಬಂದರು, ಮಂಜ. ರಾಜ್ಯದಲ್ಲಿ 73.19 ಶೇಕಡಾ ಮತದಾನ. ನಮ್ಮ ರಾಜ್ಯದ ವಿಧಾನಸಭೆ ಚುನಾವಣೆಯಲ್ಲಿ ಹಿಂದೆ ಇಷ್ಟು ಆಗಿರಲಿಲ್ಲ. 224ರಲ್ಲಿ 135 ಸ್ಥಾನ ಒಂದೇ ಪಕ್ಷಕ್ಕೆ, ಕಾಂಗ್ರೆಸ್ಸಿಗೆ. ಯಾರನ್ನೂ ಯಾವ ರೆಸಾರ್ಟಿಗೂ ಕರೆದೊಯ್ಯುವ ಅಗತ್ಯವೇ ಇಲ್ಲದಂತೆ ಜನ ತೀರ್ಪು ಕೊಟ್ಟಿದ್ದಾರೆ. ನನಗೆ ಅದೇ ದೊಡ್ಡ ಸಮಾಧಾನ.

ಆದರೆ ನಾಯಕನ ಆಯ್ಕೆ ನಡೆದ ರೀತಿ ನನಗೂ ಹಿಡಿಸಲಿಲ್ಲ. 14ರ ಸಂಜೆ ಬೆಂಗಳೂರಿನ ಹೋಟೆಲ್‌ನಲ್ಲಿ ಶಾಸಕಾಂಗ ಪಕ್ಷದ ಸಭೆ. ಹೈಕಮಾಂಡ್ ಕಳಿಸಿದ ಮೂವರು ವೀಕ್ಷಕರು. ಒಂದೇ ಸಾಲಿನ ನಿರ್ಣಯ: ತೀರ್ಮಾನ ಕಾಂಗ್ರೆಸ್ಸಿನ ರಾಷ್ಟ್ರೀಯ ಅಧ್ಯಕ್ಷರಿಗೆ ಬಿಟ್ಟಿದ್ದು. ಶಾಸಕರ ಮನಸ್ಸಿನಲ್ಲಿ ಯಾರಿದ್ದಾರೆ ಅಂತ ವೀಕ್ಷಕರು ಕೇಳಿ ಬರೆದುಕೊಂಡರು. ಯಾರಿಗೆ ಎಷ್ಟು ಜನ ಅನ್ನುವ ಲೆಕ್ಕವನ್ನು ಮಾತ್ರ ನಮ್ಮ ಮುಂದೆ ಇಡಲಿಲ್ಲ. 18ಕ್ಕೆ ದೆಹಲಿಯಲ್ಲಿ ಸಿದ್ದರಾಮಯ್ಯನವರ ಹೆಸರು ಹೇಳಿದರು. ಅದೇ ಸಂಜೆ ಬೆಂಗಳೂರಿನಲ್ಲಿ ಶಾಸಕರು ಸೇರಿ ಆರಿಸಿದ್ದೂ ಆಯಿತು. 2021ರಲ್ಲಿ ಬೊಮ್ಮಾಯಿಯವರ ಆಯ್ಕೆಯೂ ಹೀಗೇ ಅಲ್ವಾ? ಅಲ್ಲೂ ಹೋಟೆಲ್, ಅಲ್ಲೂ ದೆಹಲಿಯ ವೀಕ್ಷಕರು. ಶಾಸಕಾಂಗ ಪಕ್ಷದ ನಾಯಕ ಅಂದರೆ ಶಾಸಕರು ಆರಿಸಿದ ನಾಯಕ. ಆ ಎಣಿಕೆಯನ್ನು ಜನರ ಮುಂದೆ ಇಡಲು ಯಾರೂ ಅಂಜಬಾರದು. ಸುಧಾರಣೆ ಅಲ್ಲಿಂದಲೇ ಶುರುವಾಗಲಿ ಅಂತ ನನ್ನಾಸೆ.

ಆದರೂ ಸಿದ್ದರಾಮಯ್ಯನವರ ಮೇಲೆ ನನಗೆ ನಂಬಿಕೆ ಇದೆ. ಯಾಕೆ ಅಂತ ಹೇಳುತ್ತೇನೆ, ಪೂರ್ತಿ ಓದು.

1983ರ ಜನವರಿ ನೆನೆಸಿಕೋ. ನಾವಿಬ್ಬರೂ ಆಗ ಚಿಕ್ಕವರು, ನೆನಪಿರಲಿಕ್ಕಿಲ್ಲ. ಕರ್ನಾಟಕದಲ್ಲಿ ಮೊದಲ ಸಲ ಕಾಂಗ್ರೆಸ್ ಅಧಿಕಾರ ಕಳೆದುಕೊಂಡಿತು. ಜನತಾ ಪಕ್ಷದ ಶಾಸಕರು ರಾಮಕೃಷ್ಣ ಹೆಗಡೆಯವರನ್ನು ನಾಯಕನನ್ನಾಗಿ ಮಾಡಿದರು. ಅವರಾಗ ವಿಧಾನಸಭೆಯ ಸದಸ್ಯರೂ ಅಲ್ಲ. ಪೂರ್ಣ ಬಹುಮತವೂ ಇರಲಿಲ್ಲ, ಹೊರಗಿನ ಬೆಂಬಲದ ಮೇಲೆ ನಿಂತ ಸರ್ಕಾರ. ಅಂಥ ಸರ್ಕಾರ ಆ ವರ್ಷವೇ ಜಿಲ್ಲೆಗೊಂದು ಜಿಲ್ಲಾ ಪರಿಷತ್ತು, ಹಳ್ಳಿಗಳ ಗುಂಪಿಗೊಂದು ಮಂಡಲ ಪಂಚಾಯ್ತಿಯ ಮಸೂದೆ ತಂದಿತು. ಭ್ರಷ್ಟಾಚಾರದ ದೂರು ವಿಚಾರಿಸುವ ಲೋಕಾಯುಕ್ತದ ಕಾಯ್ದೆ 1984ರದು. ಪಂಚಾಯ್ತಿ ಕೆಲಸ ಹೊತ್ತ ಮಂತ್ರಿ ನಮ್ಮ ಗುಂಡ್ಲುಪೇಟೆಯ ನಜೀರ್ ಸಾಬರು. ಹಳ್ಳಿ ಹಳ್ಳಿಗೂ ಬೋರ್‌ವೆಲ್ ಹಾಕಿಸಿ ‘ನೀರ್ ಸಾಬ್’ ಅನ್ನಿಸಿಕೊಂಡವರು. ನಮ್ಮ ಬೀದಿಯ ಕೈಪಂಪು ಹೊಡೆಯಲು ನೀನೂ ನಾನೂ ಜಗಳ ಆಡುತ್ತಿದ್ದೆವಲ್ಲ, ಅದು.

1987ರಲ್ಲಿ ಚುನಾವಣೆ ಆಯಿತು. ನಮ್ಮಪ್ಪ ಮಂಡಲ ಪಂಚಾಯ್ತಿ ಮೆಂಬರ್ ಆದರು. ಆಗಿನ ನಮ್ಮನೆ ಜಗಲಿ ನಿನಗೆ ನೆನಪಿದೆಯಾ? ಬೆಳಗಾದರೆ ಜನ. ಪೈಪು ಒಡೆದಿದೆ, ಚರಂಡಿ ಕಟ್ಟಿದೆ, ರೇಷನ್ ಕಾರ್ಡ್ ಬಂದಿಲ್ಲ. ಅಮ್ಮ ಕಾಫಿ ಮಾಡಿ ಮಾಡಿ ಸಾಕಾಗಿ ಬಯ್ಯುತ್ತಿದ್ದರು. ಕೆಲಸ ಆಗದಿದ್ದರೆ ಸಂತೆಯಲ್ಲೇ ಅಪ್ಪನನ್ನು ನಿಲ್ಲಿಸಿ ಕೇಳುತ್ತಿದ್ದರು, ಅಪ್ಪ ತಲೆ ತಗ್ಗಿಸಿ ಉತ್ತರ ಕೊಡುತ್ತಿದ್ದರು. ನಾಲ್ಕರಲ್ಲಿ ಒಂದು ಸೀಟು ಹೆಂಗಸರಿಗೆ ಇತ್ತು. ಅವರು ಬಂದು ಕುರ್ಚಿಯಲ್ಲಿ ಕೂತಿದ್ದನ್ನು ನೋಡಿ ಊರಿನವರಿಗೆ ಆಶ್ಚರ್ಯ. ಜಿಲ್ಲಾ ಪರಿಷತ್ ಅಧ್ಯಕ್ಷರಿಗೆ ರಾಜ್ಯ ಸಚಿವರ ಸ್ಥಾನಮಾನ ಇತ್ತು. ಅಧಿಕಾರ ಹಳ್ಳಿಗೆ ಬಂದರೆ ಹೇಗಿರುತ್ತದೆ ಅಂತ ನಾನು ನೋಡಿದ್ದು ಆ ಜಗಲಿಯಲ್ಲಿ.

ಸಿದ್ದರಾಮಯ್ಯನವರು ಮೊದಲ ಸಲ ವಿಧಾನಸಭೆಗೆ ಬಂದದ್ದೂ ಅದೇ 1983ರಲ್ಲಿ, ಚಾಮುಂಡೇಶ್ವರಿ ಕ್ಷೇತ್ರದಿಂದ. ಅದಕ್ಕೂ ಮೊದಲು ಅವರು ಮೈಸೂರಿನ ತಾಲ್ಲೂಕು ಬೋರ್ಡಿನಲ್ಲಿ ಸದಸ್ಯರಾಗಿದ್ದವರು. ಆಮೇಲೆ ಹೆಗಡೆ ಸಂಪುಟದಲ್ಲಿ ಮಂತ್ರಿಯೂ ಆದರು. ಕೆಳಗಿನ ಮೆಟ್ಟಿಲು ಹತ್ತಿ ಬಂದವರಿಗೆ ಆ ಮೆಟ್ಟಿಲಿನ ಬೆಲೆ ಗೊತ್ತಿರಬೇಕು.

ಆ ಮೆಟ್ಟಿಲೇ ಈಗ ಇಲ್ಲ. ಜಿಲ್ಲಾ, ತಾಲ್ಲೂಕು ಪಂಚಾಯ್ತಿಗಳಿಗೆ ಕೊನೆಯ ಚುನಾವಣೆ ನಡೆದದ್ದು 2016ರಲ್ಲಿ. ಅವಧಿ ಮುಗಿದು ಎರಡು ವರ್ಷ ಆಯಿತು. ಕ್ಷೇತ್ರ ವಿಂಗಡಣೆ, ಮೀಸಲಾತಿ ಅಂತ ಮುಂದಕ್ಕೆ ಹೋಗುತ್ತಲೇ ಇದೆ. ಬೆಂಗಳೂರಿನ ಬಿಬಿಎಂಪಿ ಗತಿಯೂ ಅಷ್ಟೇ, 2020ರ ಸೆಪ್ಟೆಂಬರ್‌ನಿಂದ ಕಾರ್ಪೊರೇಟರ್‌ಗಳಿಲ್ಲ. ಎಲ್ಲ ಕಡೆ ಆಡಳಿತಾಧಿಕಾರಿಗಳು. ನಮ್ಮೂರ ಅಂಗನವಾಡಿ ಹೆಂಚು ಒಡೆದು ಒಂದು ಮಳೆಗಾಲ ಕಳೆಯಿತು. ಅದಕ್ಕಾಗಿ ಯಾರನ್ನು ಹಿಡಿಯಬೇಕು ಅಂತ ಮೂರು ಕಚೇರಿ ಅಲೆದೆ. ಪ್ರತಿ ಮೇಜಿನಲ್ಲೂ ‘ಅದು ನಮ್ಮದಲ್ಲ’ ಅನ್ನುವವರೇ. ಅಪ್ಪನ ಕಾಲದಲ್ಲಾಗಿದ್ದರೆ ಜಗಲಿಗೇ ಹೋಗಿ ಕೇಳಬಹುದಿತ್ತು.

ಇನ್ನೊಂದು ಮಾತು ಮುಚ್ಚಿಡುವುದಿಲ್ಲ. 2016ರಲ್ಲಿ ಭ್ರಷ್ಟಾಚಾರ ನಿಗ್ರಹ ದಳ (ಎಸಿಬಿ) ಮಾಡಿ ಲೋಕಾಯುಕ್ತದ ಪೊಲೀಸ್ ಬಲ ಕಿತ್ತದ್ದು ಇದೇ ಸಿದ್ದರಾಮಯ್ಯನವರ ಮೊದಲ ಸರ್ಕಾರ. ಅದು ತಪ್ಪು, ನನಗೆ ತುಂಬಾ ನೋವಾಗಿತ್ತು. ಕಳೆದ ವರ್ಷ ಆಗಸ್ಟ್‌ನಲ್ಲಿ ಹೈಕೋರ್ಟ್ ಎಸಿಬಿಯನ್ನೇ ರದ್ದು ಮಾಡಿ ಅಧಿಕಾರವನ್ನು ಲೋಕಾಯುಕ್ತಕ್ಕೆ ಮರಳಿಸಿತು. ಹಿಂದಿನ ಸರ್ಕಾರ 40 ಪರ್ಸೆಂಟ್ ಕಮಿಷನ್ ತಿನ್ನುತ್ತದೆ ಅಂತ ಪ್ರಚಾರ ಮಾಡಿ ಗೆದ್ದವರು ಇನ್ನು ಆ ಸಂಸ್ಥೆಯ ಕೈ ಕಟ್ಟಬಾರದು. ಸಾಕಷ್ಟು ಅಧಿಕಾರಿಗಳನ್ನು ಕೊಡಬೇಕು, ತನಿಖೆಗೆ ಅನುಮತಿ ಬೇಗ ಕೊಡಬೇಕು.

ಚುನಾವಣೆಯಲ್ಲಿ ಮಾತು ಕೊಟ್ಟ ಗ್ಯಾರಂಟಿಗಳು ಬರುತ್ತವೆ ಅಂತ ಎಲ್ಲರೂ ಕಾಯುತ್ತಿದ್ದಾರೆ. ಫ್ರೀ ಬಸ್ ಬಂದರೆ ಅಮ್ಮನಿಗೆ ನಂಜನಗೂಡಿಗೆ ಹೋಗುವ ಆಸೆ. ಬರಲಿ, ಬೇಕು. ಅದರ ಜೊತೆಗೆ ಜಿಲ್ಲಾ, ತಾಲ್ಲೂಕು ಪಂಚಾಯ್ತಿ ಚುನಾವಣೆಯೂ ಬೇಗ ಆಗಲಿ ಅಂತ ನಾವು ಕೆಲವರು ಸೇರಿ ಮುಖ್ಯಮಂತ್ರಿಗಳಿಗೆ ಒಂದು ಮನವಿ ಬರೆದಿದ್ದೇವೆ. ನಿನ್ನೆಯವರೆಗೆ 62 ಸಹಿ ಬಿದ್ದಿದೆ. ಸೋಮವಾರ ಪೋಸ್ಟ್ ಮಾಡುತ್ತೇವೆ.

ನಿನ್ನ ಹೆಸರು ಈಗಲೂ ನಮ್ಮೂರ ಮತದಾರರ ಪಟ್ಟಿಯಲ್ಲೇ ಇದೆ, ಮೊನ್ನೆ ಬೂತಿನಲ್ಲಿ ನೋಡಿದೆ. ಒಂದು ಹಾಳೆಯಲ್ಲಿ ಸಹಿ ಮಾಡಿ, ಫೋಟೋ ತೆಗೆದು ಭಾನುವಾರದೊಳಗೆ ಕಳಿಸುತ್ತೀಯಾ?

ನಿನ್ನ,
ರಾಜು